ಹನ್ನೊಂದನೆಯ ಗಂಟು

"ಹೀಟರು ಕೆಟ್ಟಿದೆ" ಎಂದಳು ದವ್ಲತ್‌ಬೇಗಿಂ,
ಬಾಗಿಲು ಪೂರ್ತಿ ತೆರೆಯುವ ಮೊದಲೇ.
"ಒದಿನಮಮದ್ ಮಾರಿದ್ದು. ಎರಡು ಕುರಿ ತಗೊಂಡ,
ಕೆಂಪಾಗದ ಕಬ್ಬಿಣ ಕೊಟ್ಟ.
ಕೆಟ್ಟಿದೆ ಅಂತ ಬರೆದುಕೊಡು, ಶಿರಿನ್‌ಮೊ.
ನಾಳೆ ಅವನ ಮೂಗಿಗೆ ಹಿಡಿಯುತ್ತೇನೆ."

ಬೂಟಿನ ಹಿಮ ಕೊಡವಿ ಒಳಗೆ ಬಂದೆ.
ಐದು ಕಂಬಗಳ ಪಾಮಿರ್ ಮನೆ,
ಮಾಡಿನ ನಡುವಿನ ಚೌಕ ಬೆಳಕಿಂಡಿಗೆ ಕಂಬಳಿ ತುರುಕಿದ್ದಾಳೆ.
ಹೀಟರಿನ ಸುರುಳಿ
ಹಳೆಯ ಇಟ್ಟಿಗೆಯ ಬಣ್ಣದಲ್ಲಿ ನಾಚಿಕೊಂಡು ಕೂತಿದೆ.

ಬೆನ್ನ ಮೇಲಿನ ತಗಡು ಒರೆಸಿ ಓದಿದೆ:
ಇನ್ನೂರ ಇಪ್ಪತ್ತು ವೋಲ್ಟ್, ಎರಡು ಸಾವಿರ ವ್ಯಾಟ್.
ಇನ್ನೂರ ಇಪ್ಪತ್ತರ ವರ್ಗ, ಭಾಗಿಸು ಎರಡು ಸಾವಿರ:
ಇಪ್ಪತ್ನಾಲ್ಕು ಓಮ್, ಮೇಲೆ ಚಿಲ್ಲರೆ.
ಅದು ಕಾರ್ಖಾನೆ ಕೊಟ್ಟ ಮಾತು.

ಈಗ ನನ್ನ ಮೀಟರು.
ಪ್ಲಗ್ಗಿನ ಬಳಿ ನೂರ ನಲವತ್ತು ವೋಲ್ಟ್.
ತಂತಿಯ ಒಂದೆಳೆಗೆ ಇಕ್ಕಳ ಕಚ್ಚಿಸಿದರೆ
ಐದು ಪಾಯಿಂಟ್ ಎಂಟು ಆಂಪಿಯರ್.
ಚಹಾ ಪೊಟ್ಟಣದ ಬೆನ್ನಿಗೆ ಪೆನ್ಸಿಲ್ ಹಚ್ಚಿದೆ.
ಭಾಗಿಸಿದರೆ: ಇಪ್ಪತ್ನಾಲ್ಕು, ಮೇಲೆ ಚಿಲ್ಲರೆ.
ಕೊಟ್ಟ ಮಾತಿಗೆ ತಪ್ಪಿಲ್ಲ ಈ ಕಬ್ಬಿಣ.
ಗುಣಿಸಿದರೆ: ಎಂಟುನೂರ ಹನ್ನೆರಡು ವ್ಯಾಟ್.
ಎರಡು ಸಾವಿರಕ್ಕೆ ಬಾಯಿಬಿಟ್ಟವಳಿಗೆ
ಎಂಟುನೂರ ಹನ್ನೆರಡು.

"ಅಂದರೆ ಕೆಟ್ಟಿದೆ."
"ಇಲ್ಲ ಅಜ್ಜಿ. ಹಸಿದಿದೆ.
ತಳ್ಳುವ ಒತ್ತಡ ಸೊರಗಿತು,
ಅದರ ಹಿಂದೆ ಬರುವ ಹರಿವೂ ಸೊರಗಿತು.
ಬಿಸಿ ಇವೆರಡರ ಕೂಸು,
ಅಪ್ಪನ ಮನೆಯಲ್ಲೂ ಉಪವಾಸ, ಅಮ್ಮನ ಮನೆಯಲ್ಲೂ ಉಪವಾಸ."

ಅವಳು ಪೊಟ್ಟಣ ತಿರುಗಿಸಿ ನೋಡಿದಳು.
ಒದಿನಮಮದನ ಹೆಸರು ಎಲ್ಲೂ ಇಲ್ಲ.
"ಹಾಗಾದರೆ ನದಿ" ಎಂದಳು. ಊರೆಲ್ಲ ಹಾಗೇ ಅನ್ನುತ್ತದೆ:
ಗುಂತ್ ಹೆಪ್ಪುಗಟ್ಟಿದೆ, ಸ್ಥಾವರದ ಚಕ್ರಕ್ಕೆ ನೀರಿಲ್ಲ.
ಬೆಳಿಗ್ಗೆ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ
ಇನ್ನೂರ ಹದಿನೆಂಟು ಕಂಡಿದ್ದೆ ನಾನು.
ನದಿ ಕೊಟ್ಟಿದೆ.
ದಾರಿಯಲ್ಲಿ ಎಪ್ಪತ್ತೆಂಟು ವೋಲ್ಟ್
ಯಾರ ಹೊಟ್ಟೆಗೋ ಹೋಗಿದೆ.

ಅವಳ ಉಪ್ಪುಚಹಾ ಒಂದೇ ಗುಟುಕಿಗೆ ಕುಡಿದು
ಸಾಲುಕಂಬಗಳ ಬೆನ್ನು ಹಿಡಿದೆ.
ತಂತಿಯುದ್ದಕ್ಕೂ ಹಿಮದ ಕೋಡುಬಳೆ ಕೂತಿತ್ತು,
ಅಲ್ಲಲ್ಲಿ ಮಾತ್ರ ಗೇಣುದ್ದ ಬರಿದು.
ಅಪ್ಪನ ಕಾಲದ ಗಂಟುಗಳು:
ತುಂಡಾದಾಗ ಯಾರೋ ಇಕ್ಕಳದಿಂದ ತಿರುಚಿ,
ಬೇಸಿಗೆಗೆ ಸರಿಮಾಡೋಣ ಎಂದು ಇಳಿದು ಹೋದವು.
ಎಷ್ಟು ಬೇಸಿಗೆ ಆಯಿತೋ.

ಹನ್ನೊಂದನೆಯ ಗಂಟಿನ ಮೇಲೆ ಒಂದು ಗುಬ್ಬಿ,
ರೆಕ್ಕೆ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ,
ಮೈನಸ್ ಇಪ್ಪತ್ತರಲ್ಲಿ
ಹಮಾಮಿಗೆ ಬಂದ ಮುದುಕನ ಹಾಗೆ.
ಏಣಿ ಸದ್ದಿಗೆ ಹಾರಿತು.
ಗಂಟಿನ ಆಚೆಗೊಂದು ಮೊನೆ, ಈಚೆಗೊಂದು ಮೊನೆ ಇಟ್ಟೆ:
ಐದು ವೋಲ್ಟ್. ಹರಿವು ಹನ್ನೆರಡು.
ಐದು ಹನ್ನೆರಡಲಿ ಅರವತ್ತು.
ಅರವತ್ತು ವ್ಯಾಟ್, ಒಂದು ಬಲ್ಬಿನಷ್ಟು,
ಯಾರಿಗೂ ಬೆಳಗದೆ, ಗುಬ್ಬಿಯ ಹೊಟ್ಟೆಯ ಕೆಳಗೆ.

ಸರಬರಾಜು ನಿಲ್ಲಿಸಿ ಸಂಜೆಯವರೆಗೆ ಉಜ್ಜಿದೆ.
ಕಪ್ಪು ತುಕ್ಕು ಉದುರಿ ಬೆಳ್ಳಿ ಕಂಡಾಗ
ಹೊಸ ಕ್ಲಾಂಪು ಬಿಗಿದೆ. ಕೈ ನನ್ನದೆನಿಸಲಿಲ್ಲ.
ಹನ್ನೊಂದರಲ್ಲಿ ಒಂಬತ್ತು ಆಯಿತು, ಕ್ಲಾಂಪು ಮುಗಿಯಿತು.

ಮತ್ತೆ ಅವಳ ಪ್ಲಗ್ಗಿಗೆ: ನೂರ ಎಂಬತ್ತೇಳು.
ಏಳು ಪಾಯಿಂಟ್ ಏಳು. ಸಾವಿರದ ನಾನೂರ ನಲವತ್ತು.
ಸುರುಳಿ ಕೆಂಪಾಯಿತು, ಈ ಸಲ ನಾಚಿಕೆಗಲ್ಲ.
ದವ್ಲತ್‌ಬೇಗಿಂ ಅಂಗೈ ಒಡ್ಡಿ
ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ: "ಆದರೂ ಎರಡು ಕುರಿ ಹೆಚ್ಚಾಯಿತು."

ಮನೆಗೆ ಮರಳುವಾಗ ಕತ್ತಲು.
ಹನ್ನೊಂದನೆಯ ಕಂಬದ ಕೆಳಗೆ ನಿಂತು ಟಾರ್ಚು ಬಿಟ್ಟೆ.
ಗುಬ್ಬಿ ಬಂದಿತ್ತು. ಕೂತಿತು.
ಕಾಲು ಬದಲಿಸಿತು, ಮತ್ತೆ ಬದಲಿಸಿತು,
ತಂತಿಯನ್ನೊಮ್ಮೆ ಕುಕ್ಕಿತು,
ಏನೋ ಲೆಕ್ಕ ತಪ್ಪಿದವರ ಹಾಗೆ.
ನನ್ನ ಪೊಟ್ಟಣದಲ್ಲಿ ಅದಕ್ಕೊಂದು ಸಾಲು
ಬರೆದಿರಲಿಲ್ಲ.